ಬೀಳುವ ಅಭ್ಯಾಸ

"ಕಂಕುಳಿಗೆ ಕೈ ಹಾಕಿ, ಹಾಂ, ಈಗ ಎತ್ತಿ," ಎಂದ ಎದುರುಮನೆಯ ಟೈಲರ್.

ಅಣ್ಣ ಎತ್ತಿದ. ಪುಟ್ಟಿಯ ಸೊಂಟ ಹಾಸಿಗೆಯಿಂದ ಗೇಣುದ್ದ ಮೇಲೆದ್ದಿತು. ಕಾಲುಗಳು ಟೈಲರನ ಹಿಡಿತದಿಂದ ಜಾರಿ ಮಂಚದ ಅಂಚಿಗೆ ಬಡಿದವು. ಕಾಲಿಗೆ ನೋವು ತಿಳಿಯಲಿಲ್ಲ, ತಿಳಿಯುವುದು ನಿಂತು ಎಷ್ಟೋ ಕಾಲವಾಗಿತ್ತು. ಆದರೆ ನೆಲ ತನ್ನತ್ತ ಏರಿ ಬರುವುದು ಕಂಡಿತು. ಅವಳು ಎರಡೂ ಕೈಯಿಂದ ಕಿಟಕಿಯ ಸರಳು ಹಿಡಿದುಕೊಂಡಳು.

"ಬಿಡಿ. ನನ್ನನ್ನ ಇಲ್ಲೇ ಬಿಟ್ಟುಬಿಡಿ."

"ಅಕ್ಕನ ಮುಖ ನೋಡ್ಬೇಡ್ವಾ ಪುಟ್ಟಿ? ಗಾಡಿ ಬರೋ ಹೊತ್ತಾಯ್ತು."

"ನೋಡ್ಬೇಕು. ನೀವು ಎತ್ತೋದು ಬೇಡ."

"ಮತ್ತೆ ಯಾರು ಎತ್ತಬೇಕು?"

ಅಣ್ಣ ಸಿಟ್ಟಿನಿಂದ ಕೇಳಿದ್ದಲ್ಲ. ಕೇಳಿ, ಅವಳನ್ನು ಮತ್ತೆ ಹಾಸಿಗೆಗೆ ಇಳಿಸಿದ. ಟೈಲರ್ ಮೆಲ್ಲನೆ ಹೊರಗೆ ಹೋದ.

ಎತ್ತುತ್ತಿದ್ದವಳು ಆಚೆ ಕೋಣೆಯಲ್ಲಿ ಬಿಳಿ ಬಟ್ಟೆಯೊಳಗೆ ಮಲಗಿದ್ದಳು. ಬೀದಿಗೆಲ್ಲ ಅವಳು ಬಣ್ಣದಕ್ಕ. ಕಂಡವರ ಮನೆಯ ಗೋಡೆಗಳಿಗೆ ಬಣ್ಣ ಬಳಿದೇ ಬದುಕು ಸಾಗಿಸಿದವಳು. ಪುಟ್ಟಿ ಅವಳ ತಂಗಿ. ಏಳರ ವಯಸ್ಸಿನಲ್ಲಿ ಮಹಡಿಯ ಮೆಟ್ಟಿಲಿನಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡಿದ್ದಳು. ಈಗ ತಲೆ ನರೆತಿದ್ದರೂ ಎಲ್ಲರಿಗೂ ಪುಟ್ಟಿಯೇ. ಹಾಸಿಗೆಯಲ್ಲೇ ಕೂತು ಟೈಲರನ ಅಂಗಿಗಳಿಗೆ ಗುಂಡಿಯ ಕಾಜಾ ಹೊಲಿಯುತ್ತಿದ್ದಳು. ಒಳಕೋಣೆಯ ಬಾಗಿಲು ಕಿರಿದು, ಗಾಲಿಕುರ್ಚಿ ತೂರುವುದಿಲ್ಲ. ಹಾಗಾಗಿ ದಿನವೂ ಅಕ್ಕನೇ ಎತ್ತಿ ಆಚೆಗೆ ತಂದು ಕೂರಿಸಬೇಕಿತ್ತು.

ನಿನ್ನೆ ಸಂಜೆ ಕೆಲಸ ಮುಗಿಸಿ ಬರುವಾಗ ಬಸ್ ನಿಲ್ದಾಣದ ಬೆಂಚಿನ ಮೇಲೆ ಅಕ್ಕನ ಎದೆಬಡಿತ ನಿಂತುಹೋಯಿತು. ಸುದ್ದಿ ತಂದ ಟೈಲರ್ ಬಾಗಿಲಲ್ಲಿ ನಿಂತು ಅಳುತ್ತಿದ್ದಾಗ ಪುಟ್ಟಿಗೆ ಮೊದಲು ಬಂದದ್ದು ಅಳುವಲ್ಲ. ನಾಳೆ ನನ್ನನ್ನು ಯಾರು ಎತ್ತುತ್ತಾರೆ ಎಂಬ ಹೆದರಿಕೆ. ಅದರ ಹಿಂದೆಯೇ ನಾಚಿಕೆ ಬಂತು. ಆದರೂ ಹೆದರಿಕೆ ಹೋಗಲಿಲ್ಲ.

ಅಡುಗೆಮನೆಯಿಂದ, ರಾತ್ರಿ ಅಣ್ಣನ ಜೊತೆ ತಮ್ಮ ಮನೆಯಿಂದ ಬಂದಿದ್ದ ಅತ್ತಿಗೆಯ ಮಾತು ಕೇಳುತ್ತಿತ್ತು. "ಇಂಥವರಿಗೇ ಅಂತ ಒಂದು ಕಡೆ ಮನೆ ಇದೆಯಂತೆ. ಹೊತ್ತು ಹೊತ್ತಿಗೆ ನೋಡ್ಕೋತಾರಂತೆ. ನಮ್ಮವರಿಗೂ ವಯಸ್ಸಾಯ್ತಲ್ಲ. ಎತ್ತಿ ಬೀಳಿಸಿಬಿಟ್ರೆ ಯಾರಿಗೆ ಹೇಳೋಣ?"

ಪುಟ್ಟಿ ಸರಳನ್ನು ಇನ್ನೂ ಬಿಗಿಯಾಗಿ ಹಿಡಿದಳು.

*

ನಾಲ್ಕು ವರ್ಷದ ಹಿಂದೆ, ಚಾವಣಿಗೆ ರೋಲರ್ ಒತ್ತುತ್ತಿದ್ದಾಗ ಅಕ್ಕನ ಬಲಭುಜದೊಳಗೆ ಏನೋ ಪಟ್ಟೆಂದಿತ್ತು. ಮಾಂಸವನ್ನು ಮೂಳೆಗೆ ಬಿಗಿದಿಡುವ ಹುರಿ ಹರಿದಿತ್ತು. ಆಸ್ಪತ್ರೆಯಿಂದ ಬಂದವಳು ಪುಟ್ಟಿಯ ಮಂಚದ ಮೇಲೆ ಕೂತು ವಿವರಿಸಿದಳು.

"ಹಳೇ ಬೆಡ್‌ಶೀಟ್ ಥರ ಪಿಸಿದುಹೋಗಿದೆಯಂತೆ ಕಣೇ. ಬರೀ ಹೊಲಿದರೆ ಹೊಲಿಗೆ ಪಕ್ಕದಲ್ಲೇ ಮತ್ತೆ ಹರಿಯುತ್ತೆ. ಅದಕ್ಕೆ ಮೇಲೊಂದು ತೆಳು ಜಾಲರಿ ಇಡ್ತಾರಂತೆ. ಅದರ ಸಂದಿಯೊಳಗೆ ನನ್ನದೇ ನಾರು ಬೆಳೆದುಕೊಳ್ಳುತ್ತೆ. ಅದು ಬಲೀತಾ ಬಂದ ಹಾಗೆ ಜಾಲರಿ ತಾನಾಗೇ ಕರಗುತ್ತೆ."

"ಕರಗಿದ ಮೇಲೆ ಯಾವುದು ಹಿಡ್ಕೊಂಡಿರುತ್ತೆ?"

"ನಾನೇ. ಕಟ್ಟಡ ಮುಗಿದ ಮೇಲೆ ಸಾರವೆ ಬಿಚ್ಚಲ್ವಾ, ಗೋಡೆ ನಿಲ್ಲಲ್ವಾ? ಹಾಗೆ."

ಶಸ್ತ್ರಚಿಕಿತ್ಸೆಯಾಗಿ ಕೈ ಕೊರಳಿಗೆ ಕಟ್ಟಿದ ಜೋಳಿಗೆಯಲ್ಲಿದ್ದ ತಿಂಗಳುಗಳಲ್ಲಿ ಪುಟ್ಟಿಯನ್ನು ಎತ್ತಲು ಒಬ್ಬ ದಾದಿ ಬಂದು ಹೋಗುತ್ತಿದ್ದಳು. ಆಮೇಲೆ ಅಕ್ಕ ಗೋಡೆಯ ಮೇಲೆ ಬೆರಳುಗಳನ್ನು ಜೇಡದಂತೆ ಹತ್ತಿಸುತ್ತಾ, ನೋವಿಗೆ ಹಲ್ಲು ಕಚ್ಚುತ್ತಾ ಕೈಯನ್ನು ಮೇಲಕ್ಕೆ ತಂದಳು. ಮುಂದೊಂದು ದಿನ ಸ್ಕ್ಯಾನ್ ಮಾಡಿದ ಡಾಕ್ಟರ್, ಜಾಲರಿಯ ಗುರುತೂ ಉಳಿದಿಲ್ಲ, ಹುರಿ ದಪ್ಪಗೆ ಕೂಡಿಕೊಂಡಿದೆ ಎಂದರು.

ಅಂದಿನಿಂದ ಅಕ್ಕ ಮತ್ತೆ ಎತ್ತತೊಡಗಿದಳು. ಆದರೆ ಅದು ಹಳೆಯ ಎತ್ತುವಿಕೆಯಲ್ಲ. ಮೊದಲೆಲ್ಲ ಎತ್ತುವಾಗ ಬಾಯಿಗೆ ಬಿಡುವಿರುತ್ತಿರಲಿಲ್ಲ. "ಕೂತಲ್ಲೇ ಕೂತು ಕುಂಬಳಕಾಯಿ ಆಗಿದ್ದೀಯಲ್ಲೇ, ನಿನ್ನ ಹೊರೋದಕ್ಕಿಂತ ಸುಣ್ಣದ ಮೂಟೆ ಹೊರೋದು ವಾಸಿ," ಎಂದು ಗೋಳು ಹುಯ್ದುಕೊಳ್ಳುತ್ತಿದ್ದವಳು ಈಗ ತುಟಿ ಬಿಗಿದು, ಉಸಿರು ಹಿಡಿದು, ಎಲ್ಲೋ ನೋಡುತ್ತಾ ಎತ್ತಿ ಇಳಿಸುತ್ತಿದ್ದಳು. ಪುಟ್ಟಿ ಏನಾದರೂ ಅಂದರೆ, "ಸುಮ್ನಿರು," ಅಷ್ಟೇ.

ಅಕ್ಕನಿಗೆ ಸಾಕಾಗಿದೆ, ಪುಟ್ಟಿ ಹಾಗೆಂದುಕೊಂಡಳು. ಕೇಳಲು ಧೈರ್ಯ ಬರಲಿಲ್ಲ. ಹೌದು ಅಂದುಬಿಟ್ಟರೆ?

*

ವ್ಯಾಯಾಮದ ಮೇಡಂ ಬಂದಾಗ ಅಣ್ಣ ಮಂಚದ ಕಾಲಿಗೆ ಒರಗಿ ನೆಲದ ಮೇಲೆ ಕೂತಿದ್ದ. ಆಸ್ಪತ್ರೆಯಲ್ಲಿ ಅಕ್ಕನ ಭುಜಕ್ಕೆ ಕಸರತ್ತು ಹೇಳಿಕೊಟ್ಟವರು ಅವರು. ಪುಟ್ಟಿ ಅವರನ್ನು ನೋಡುತ್ತಿರುವುದು ಇದೇ ಮೊದಲು. ಅವರು ಬಂದವರೇ ಸರಳು ಹಿಡಿದ ಕೈಗಳನ್ನು ನೋಡಿದರು.

"ಬೀಳ್ತೀನಿ ಅಂತ ಭಯಾನಾ?"

ಪುಟ್ಟಿ ತಲೆಯಾಡಿಸಿದಳು.

"ನಿಮ್ಮಕ್ಕನಿಗೂ ಅದೇ ಭಯ. ಜಾಲರಿ ಕರಗಿದೆ ಅಂತ ಗೊತ್ತಾದ ಮೇಲೆ ಶುರುವಾಯ್ತು. ಹುರಿ ಚೆನ್ನಾಗಿ ಕೂಡಿದೆ, ಜಾಲರಿ ಇಟ್ಟದ್ದಕ್ಕೇ ಇಷ್ಟು ಗಟ್ಟಿಯಾಗಿದೆ ಅಂತ ನಾನು ಎಷ್ಟು ಸಲ ಹೇಳಿದೆನೋ. ಹೂಂ ಹೂಂ ಅನ್ನೋರು, ನಂಬ್ತಿರಲಿಲ್ಲ. 'ಇಷ್ಟು ದಿನ ಒಳಗೆ ಆಸರೆಗೆ ಒಂದಿತ್ತು ಮೇಡಂ, ಈಗ ನಾನೊಬ್ಬಳೇ' ಅನ್ನೋರು. ಒಂದಿನ ಬಂದು, ನನಗೆ ಬೀಳೋದು ಹೇಳಿಕೊಡಿ ಅಂದ್ರು."

"ಬೀಳೋದಾ?" ಎಂದ ಅಣ್ಣ.

"ಇವರನ್ನ ಎತ್ತಿಕೊಂಡಿರೋವಾಗ ಭುಜ ಕೈಕೊಟ್ಟರೆ ತಾನು ಅಡಿಗಾಗಬೇಕು, ಇವರು ಮೇಲಿರಬೇಕು. ಅದನ್ನ ಕಲಿಸಿ ಅಂತ. ಮಂಡಿ ಮಡಚಿ, ಪಕ್ಕಕ್ಕೆ ಹೊರಳಿ, ಬೆನ್ನಡಿಯಾಗಿ. ಎದೆಗೆ ದಿಂಬು ಅವಚಿಕೊಂಡು ಬೀಳೋರು. ಸಾಕು ಅಂದ್ರೂ ಕೇಳ್ತಿರಲಿಲ್ಲ. ಮೈಯೆಲ್ಲಾ ನೀಲಿಗಟ್ಟಿರ್ತಿತ್ತು."

ಪುಟ್ಟಿಯ ದನಿ ಸಣ್ಣಗೆ ಬಂತು. "ಎತ್ತೋವಾಗ ಮಾತೇ ಆಡ್ತಿರಲಿಲ್ಲ."

"ನಾನೇ ಬೇಡ ಅಂದಿದ್ದೆ. ಮಾತಾಡಿದರೆ ಉಸಿರು ಸಡಿಲ ಆಗುತ್ತೆ. ಮನೇಲಿ ಹೇಳಿ ಅಂದೆ. 'ಅವಳಿಗೆ ನನ್ನ ಭಯ ಬೇರೆ ಯಾಕೆ, ಅವಳದೇ ಸಾಕಷ್ಟಿದೆ' ಅಂದ್ರು."

ಪುಟ್ಟಿ ಸರಳಿನಿಂದ ಒಂದು ಕೈ ಬಿಟ್ಟಳು. ಇನ್ನೊಂದು ಕೈ ಬಿಡಲು ಸ್ವಲ್ಪ ತಡವಾಯಿತು.

ಮೇಡಂ ಹೇಳಿದಂತೆ ಅಣ್ಣ ಒಂದು ತೋಳನ್ನು ಮಂಡಿಗಳಡಿ, ಇನ್ನೊಂದನ್ನು ಬೆನ್ನಿಗೆ ಕೊಟ್ಟು, ತಂಗಿಯನ್ನು ಎದೆಗೊತ್ತಿಕೊಂಡು ಎದ್ದ. ಅವನ ಎದೆ ಹೊಡೆದುಕೊಳ್ಳುವುದು ಅವಳ ಪಕ್ಕೆಗೆ ತಾಗುತ್ತಿತ್ತು. ಬಾಗಿಲ ಚೌಕಟ್ಟಿಗೆ ಅವನ ಮೊಣಕೈ ತರಚಿತು. ಅವನು ನಿಲ್ಲಲಿಲ್ಲ.

ಅಕ್ಕನ ಪಕ್ಕ ಕೂರಿಸಿದಾಗ ಪುಟ್ಟಿ ಮುಖ ನೋಡಿದಳು. ಬಟ್ಟೆಯಡಿ ಕೈ ತೂರಿಸಿ ಬಲಭುಜದ ಮೇಲೆ ಅಂಗೈ ಇಟ್ಟಳು. ಸಣ್ಣ ಗಾಯದ ಗುರುತುಗಳು ಬೆರಳಿಗೆ ಸಿಕ್ಕವು. ತಣ್ಣಗಿತ್ತು, ಗಟ್ಟಿಯಾಗಿತ್ತು. ಆಗ ಅವಳಿಗೆ ಅಳು ಬಂತು.

ಗಾಡಿ ಬಂತು. ಅವಳನ್ನೂ ಗಾಡಿಗೆ ಹತ್ತಿಸಿದರು. ಸ್ಮಶಾನದಲ್ಲಿ ಇಳಿಸಿ ಮತ್ತೆ ಹತ್ತಿಸಿದ್ದೂ ಅಣ್ಣನೇ. ಪ್ರತಿಸಲವೂ ಅವಳು ಅವನ ಅಂಗಿಯ ಕಾಲರ್ ಹಿಡಿದುಕೊಳ್ಳುತ್ತಿದ್ದಳು.

ಮಧ್ಯಾಹ್ನ ಬಂದವರೆಲ್ಲ ಹೋದ ಮೇಲೆ ಅತ್ತಿಗೆ ಕಾಫಿ ತಂದಿಟ್ಟು ಅಳುಕುತ್ತಾ ಕೇಳಿದಳು, "ಆ ಮನೆಯವರ ಹತ್ರ ನಾಳೆ ಒಂದು ಮಾತು ವಿಚಾರಿಸೋಣ್ವಾ?"

ಅಣ್ಣ ಒಳಗಿನಿಂದ ಒಂದು ಹಾಸಿಗೆ ಎಳೆದು ತಂದು ಪುಟ್ಟಿ ಕೂತಿದ್ದ ಗಾಲಿಕುರ್ಚಿಯ ಮುಂದೆ ಹಾಸಿದ. ಕನ್ನಡಕ ತೆಗೆದು ಪುಟ್ಟಿಯ ಕೈಗೆ ಕೊಟ್ಟ. ದಿಂಬೊಂದನ್ನು ಎದೆಗೆ ಅವಚಿಕೊಂಡು, ಮಂಡಿ ಮಡಚಿ, ದೊಪ್ಪನೆ ಬಿದ್ದ. ದಿಂಬು ಅವನ ಹೊಟ್ಟೆಯಡಿ ಅಪ್ಪಚ್ಚಿಯಾಗಿತ್ತು.

"ನಾನು ಸತ್ತೆ," ಎಂದಳು ಪುಟ್ಟಿ.

ಅವನು ಎದ್ದ. ಮತ್ತೆ ಬಿದ್ದ. ಈ ಸಲ ದಿಂಬು ಹಾರಿ ಬಾಗಿಲಿಗೆ ಹೋಯಿತು. ಎತ್ತಿ ತಂದು, ಮೇಡಂ ಹೇಳಿದ್ದನ್ನು ಬಾಯಲ್ಲೇ ಮಣಮಣಿಸಿ ಇನ್ನೊಮ್ಮೆ ಪಕ್ಕಕ್ಕೆ ಹೊರಳಿದ. ಬೆನ್ನಡಿಯಾದ. ಅಂಗಿ ಮೇಲಕ್ಕೆ ಸರಿದು, ಹೊಟ್ಟೆ ಏದುಸಿರಿಗೆ ಏರಿಳಿಯುತ್ತಿತ್ತು. ದಿಂಬು ಅವನ ಎದೆಯ ಮೇಲಿತ್ತು.

ಅತ್ತಿಗೆ ಕಾಫಿ ಲೋಟ ದೂರ ಸರಿಸಿ ಬಗ್ಗಿ, ಅವನ ತಲೆ ಗೋಡೆಗೆ ಬಡಿಯದ ಹಾಗೆ, ಹಾಸಿಗೆಯನ್ನು ಅವನ ಸಮೇತ ಇತ್ತ ಎಳೆದಳು.