ಸಿಡಿಲಿಗೆ ಸಿಕ್ಕ ಅಮ್ಮನ ಹಾಡು

ಗುಡುಗು ಕೇಳಿದರೆ ಕೆಳದಿಯ ಜನ ಮೊದಲು ಓಡುವುದು ಪ್ಲಗ್ ಕೀಳಲು. ವರದಾ ಕೂಡ ಓಡಿದ್ದಳು. ಕಂಪ್ಯೂಟರಿನ ಪ್ಲಗ್ ಕಿತ್ತಳು, ಇಂಟರ್ನೆಟ್ ವಯರ್ ಮರೆತಳು. ಸಿಡಿಲು ಅದರಲ್ಲೇ ಬಂತು.

ಮದುವೆ ಮನೆ ಗೋಡೆಯ ಹಸೆ ಚಿತ್ತಾರ ಬರೆದು ಆನ್‌ಲೈನ್‌ನಲ್ಲಿ ಮಾರುವ ವರದಾಳಿಗೆ ಕಂಪ್ಯೂಟರ್ ಸುಟ್ಟದ್ದಕ್ಕಿಂತ ದೊಡ್ಡ ಸಂಕಟ ಬೇರೆಯಿತ್ತು. ತೀರಿಕೊಂಡ ಅಮ್ಮ ಕೆರಿಯಮ್ಮ ಮದುವೆಗಳಲ್ಲಿ ಹಾಡುತ್ತಿದ್ದ ಹಸೆ ಹಾಡುಗಳು ಆನ್‌ಲೈನ್ ಖಾತೆಯೊಂದರಲ್ಲಿದ್ದವು. ಅದರ ಪಾಸ್‌ವರ್ಡ್ ಇದ್ದದ್ದು ಸುಟ್ಟ ಕಂಪ್ಯೂಟರಿನಲ್ಲಿ ಎಲ್ಲ ಪಾಸ್‌ವರ್ಡ್ ಕೂಡಿಡುವ ಪಾಸ್‌ವರ್ಡ್ ಮ್ಯಾನೇಜರ್‌ನಲ್ಲಿ ಮಾತ್ರ. ಹೊಸ ಪಾಸ್‌ವರ್ಡ್ ಕೇಳಿದರೆ ಒಟಿಪಿ ಹೋಗುವುದು ಅಮ್ಮನ ನಂಬರಿಗೆ. ಆ ನಂಬರು ಈಗ ಇಲ್ಲ. ವರದಾಳ ಮಗಳ ಮದುವೆ ಹತ್ತಿರ ಬಂದಿತ್ತು. ಅಮ್ಮನ ಹಾಡು ಕಲಿತು ತಾನೇ ಹಾಡಬೇಕೆಂಬ ಆಸೆ ಅವಳದು.

"ಹಾಡು ಹೋಗ್ಲಿ ಅಮಿತಾ, ಅಮ್ಮನ ದನಿ ಒಂದ್ಸಲ ಕೇಳಿದ್ರೆ ಸಾಕಿತ್ತು," ಎಂದು ಮಹಿಳಾ ಸಂಘದ ಗೆಳತಿಯ ಮುಂದೆ ಅತ್ತಳು.

ಅಮಿತಾ ಸಾಗರದಲ್ಲಿ ಕಂಪ್ಯೂಟರ್ ಕಲಿಸುವವಳು. "ವೆಬ್‌ನಲ್ಲಿ ಇಡೋ ಮ್ಯಾನೇಜರ್ ತಗಳಿ ಅಂದಿದ್ದೆ ವರದಕ್ಕ. ಫೋನಲ್ಲೂ ತೆಗೀಬಹುದಿತ್ತು."

"ಯಾರದೋ ಕಂಪ್ಯೂಟರಲ್ಲಿ ನಮ್ಮನೆ ಗುಟ್ಟು ಇಡೂದಾ? ಕದ್ರೆ?" ವರದಾಳ ಗಂಡ ದಿನೇಶ್ ಮಧ್ಯೆ ಬಾಯಿ ಹಾಕಿದ. ಬೀಗದ ಕೈಯನ್ನು ಬಾಗಿಲ ಮೇಲೇ ಇಟ್ಟು ಪೇಟೆಗೆ ಹೋಗುವ ಮನುಷ್ಯ ಇವನು!

"ಭಯ ಸುಳ್ಳಲ್ಲ ದಿನೇಶಣ್ಣ. ಅದಕ್ಕೇ ಮ್ಯಾನೇಜರ್ ತೆಗೆಯೋ ಮುಖ್ಯ ಪಾಸ್‌ವರ್ಡ್ ಉದ್ದ ಇರ್ಬೇಕು, ಬೇರೆಲ್ಲೂ ಬಳಸಿರ್ಬಾರ್ದು. ಒಟಿಪಿ ಥರ ಎರಡನೇ ಹಂತದ ತಪಾಸಣೆನೂ ಹಾಕ್ಬೇಕು. ಕಂಪ್ಯೂಟರಲ್ಲೇ ಇಟ್ರೆ ಗುಟ್ಟು ಮನೇಲೇ ಇರ್ತದೆ, ನೆಟ್ ಇಲ್ದಿದ್ರೂ ನಡೀತದೆ. ಆದ್ರೆ ಕಾಪಿ ತೆಗ್ದು ಬೇರೆ ಕಡೆ ಇಡೋ ಕೆಲ್ಸ ನಮ್ದೇ. ನೀವು ತೆಗ್ದಿಲ್ವಾ?"

ದಿನೇಶ್ ತಲೆ ಕೆರೆದುಕೊಂಡು ಹೆಂಡತಿಯ ಕಡೆ ತಿರುಗಿದ. "ಹೋದ್ವರ್ಷ ರಿಪೇರಿಗೆ ಕೊಡುವಾಗ ಪೆನ್‌ಡ್ರೈವಿಗೆ ಏನೋ ಹಾಕಿದ್ಯಲ್ಲೇ?"

ವರದಾ ಎದ್ದು ಓಡಿದಳು. ಭೂಮಿ ಹುಣ್ಣಿಮೆ ಹಬ್ಬದ ಪೂಜೆಗೆಂದು ಅಮ್ಮ ಚಿತ್ತಾರ ಬರೆದಿದ್ದ ಬುಟ್ಟಿಯಲ್ಲಿ ಪೆನ್‌ಡ್ರೈವ್ ಸಿಕ್ಕಿತು. ಅಮಿತಾಳ ಲ್ಯಾಪ್‌ಟಾಪಿಗೆ ಅದನ್ನು ಹಾಕಿ, ಮುಖ್ಯ ಪಾಸ್‌ವರ್ಡ್ ಒತ್ತಿದಳು. ಖಾತೆಯ ಪಾಸ್‌ವರ್ಡ್ ಅಲ್ಲೇ ಇತ್ತು.

ಖಾತೆ ತೆರೆದು ಹಾಡು ಒತ್ತಿದ್ದೇ, ಅಮ್ಮ ಹಾಡತೊಡಗಿದಳು. ನಡುವೆ ಹಾಡು ನಿಲ್ಲಿಸಿ, "ವರದಾ, ಹಾಲು ಉಕ್ತದೆ ನೋಡೇ," ಎಂದಳು.

"ಬಂದೆ ಅಮ್ಮಾ," ಎಂದು ವರದಾ ಎದ್ದೇಬಿಟ್ಟಳು. ಆಮೇಲೆ ಕೂತು, ಅದನ್ನೇ ಮತ್ತೆ ಹಾಕಿದಳು.

ದಿನೇಶ್ ಕಣ್ಣೊರೆಸಿಕೊಂಡ. "ವೆಬ್‌ನದ್ದೇ ಹಾಕಿಕೊಡು ಮಾರಾಯ್ತಿ. ನಮ್ಮೂರ ಸಿಡಿಲು ನಂಬೂಕಾಗಲ್ಲ. ಪೆನ್‌ಡ್ರೈವೂ ಇರ್ಲಿ."

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಪಾಸ್‌ವರ್ಡುಗಳು ವೆಬ್‌ನಲ್ಲಿರಲಿ, ಕಂಪ್ಯೂಟರಿನಲ್ಲಿರಲಿ, ಒಂದೇ ಕಡೆ ಇರುವುದು ಬೇಡ. ಯಾರು ಫೋನ್ ಮಾಡಿ ಕೇಳಿದರೂ ಮುಖ್ಯ ಪಾಸ್‌ವರ್ಡ್ ಹೇಳಬೇಡಿ. ಇವತ್ತೇ ಒಂದು ಕಾಪಿ ತೆಗೆದಿಡಿ. ನಿಮ್ಮನ್ನು ಹೆಸರು ಹಿಡಿದು ಕರೆಯುತ್ತಿದ್ದ ದನಿಯೊಂದು ಆ ಪಾಸ್‌ವರ್ಡಿನ ಹಿಂದೆ ಇರಬಹುದು.