ಗ್ಲೆನ್ ವೇವರ್ಲಿಯ ಮೇಲೆ ದಾಳಿ

ಯುದ್ಧಕಾಲದಲ್ಲಿ ಬಾಂಬರ್ ವಿಮಾನದಲ್ಲಿ ದಾರಿ ಲೆಕ್ಕ ಹಾಕುವ ನ್ಯಾವಿಗೇಟರ್ ಆಗಿದ್ದ ಲೆಸ್ಲಿ ಅಂಕಲ್‌ಗೆ ಎಂಬತ್ತು ದಾಟಿದ್ದರೂ ಒಂದು ಹಟ ಇಳಿದಿರಲಿಲ್ಲ. ಅಂದು ಅದೇ ವಿಮಾನದ ಪೈಲಟ್ ಆಗಿದ್ದ ಸೆಡ್ರಿಕ್, "ಇವನ ಮಾತು ಕೇಳಿದ್ದರೆ ರಂಗೂನಿನ ಬದಲು ನಮ್ಮ ಮಂಗಳೂರಿಗೇ ಬಾಂಬು ಬೀಳುತ್ತಿತ್ತು" ಎಂದು ಸಿಕ್ಕಸಿಕ್ಕವರ ಮುಂದೆ ಹೇಳಿ ನಗುತ್ತಿದ್ದರು. ಈಗ ಮೆಲ್ಬರ್ನಿನ ಗ್ಲೆನ್ ವೇವರ್ಲಿಯಲ್ಲಿ ಆ ಸೆಡ್ರಿಕ್‌ರ ಹುಟ್ಟುಹಬ್ಬದ ಊಟ. ಯಾರನ್ನೂ ದಾರಿ ಕೇಳದೆ, ಹೊತ್ತಿಗೆ ಸರಿಯಾಗಿ ಗೇಟಿನ ಮುಂದೆ ಇಳಿದು ಆ ಬಾಯಿ ಮುಚ್ಚಿಸಬೇಕು!

ಸಿಡ್ನಿಯಿಂದ ಜೊತೆಗೆ ಹೊರಟವಳು ಕೃಪಾ. ಅಲ್ಲಿನ ಗಿರಾವೀನ್‌ನಲ್ಲಿ ಅಂಕಲ್ ಮನೆಯ ಹಿಂದಿನ ರೂಮಿನಲ್ಲಿ ಬಾಡಿಗೆಗಿದ್ದ ಬೆಂಗಳೂರಿನ ಹುಡುಗಿ. ಡಿಗ್ರಿ ಇದೆ, ಲೈಸೆನ್ಸ್ ಇದೆ, ಬಾಯಿ ಮಾತ್ರ ಇಲ್ಲ.

ಮೆಲ್ಬರ್ನಿನಲ್ಲಿ ಇಳಿದು ಬಾಡಿಗೆ ಕಾರು ಹತ್ತಿದ್ದೇ ತಡ, ಅಂಕಲ್ ಹಿಂದಿನ ಸೀಟಿನಲ್ಲಿ ಕೂತು ಎರಡೂ ಕಿಟಕಿಗೆ ಟವೆಲ್ ಸಿಕ್ಕಿಸಿದರು.

"ಅಂಕಲ್, ಆಚೆ ಏನೂ ಕಾಣಲ್ವಲ್ಲ?"

"ಕಾಣಬಾರದು ಮಾರಾಯ್ತಿ! ಟ್ರೈನಿಂಗ್‌ನಲ್ಲಿ ನಮ್ಮನ್ನು ಪರದೆ ಹಿಂದೆ ಕೂರಿಸಿಯೇ ಕಲಿಸಿದ್ದು. ಕಿಟಕಿ ಪೈಲಟ್‌ಗೆ, ಪೆನ್ಸಿಲ್ ನನಗೆ. ನೀನು ಸ್ಪೀಡ್ ಹೇಳು, ಸಾಕು."

"ಎಂಬತ್ತು, ಅಂಕಲ್."

ಅಂಕಲ್ ಗಡಿಯಾರ ನೋಡಿದರು, ಮಡಿಲಿನ ಮ್ಯಾಪಿನ ಮೇಲೆ ಗೆರೆ ಎಳೆದರು. ಸ್ವಲ್ಪ ಹೊತ್ತಿಗೆ, "ಎಡಕ್ಕೆ!" ಎಂದರು. ಬೋರ್ಡಿನ ಬಾಣ ನೇರಕ್ಕಿತ್ತು. ಕೃಪಾ ಕನ್ನಡಿಯಲ್ಲಿ ಅಂಕಲ್ ಕಡೆ ನೋಡಿದಳು. ಬರ್ಮಾದವರೆಗೆ ಹೋಗಿ ಬಂದವರಿಗೆ ತಾನೇನು ಹೇಳುವುದು? ತಿರುಗಿಸಿದಳು.

"ಬಂತು, ನಿಲ್ಲಿಸು!" ಅಂಕಲ್ ಗತ್ತಿನಿಂದ ಟವೆಲ್ ಸರಿಸಿದರು. ಎದುರಿಗೆ ಬಾಗಿಲು ಹಾಕಿದ ಟಯರ್ ಅಂಗಡಿ.

"ಇದೆಂತ? ಸೆಡ್ರಿಕ್‌ನ ಮನೆ ಎಲ್ಲಿಗೆ ಓಡಿತು?"

"ಅಂಕಲ್... ನಾನು ಹೇಳಿದ್ದು ಕಿಲೋಮೀಟರಲ್ಲಿ."

ಪೆನ್ಸಿಲ್ ನಿಂತಿತು. ಅವರು ಲೆಕ್ಕ ಹಾಕಿದ್ದು ವಿಮಾನದವರ ಮೈಲಿಯಲ್ಲಿ. ಅಂಥ ಒಂದು ಮೈಲಿಯೆಂದರೆ ಹೆಚ್ಚುಕಡಿಮೆ ಎರಡು ಕಿಲೋಮೀಟರ್. ಪುಣ್ಯಾತ್ಮರು ಅರ್ಧ ದಾರಿಯಲ್ಲೇ ಊರು ತಲುಪಿಬಿಟ್ಟಿದ್ದರು.

"ಸತ್ತೆ! ಇದು ಅವನಿಗೆ ಗೊತ್ತಾದರೆ ನನ್ನ ಹೆಣದ ಮುಂದೆಯೂ ಹೇಳಿ ನಗುತ್ತಾನೆ." ಅಂಕಲ್ ಮುಖ ಸಣ್ಣಗಾಯಿತು.

ಅಲ್ಲಿಂದ ಬೋರ್ಡು ನೋಡಿಕೊಂಡೇ ಕೃಪಾ ಓಡಿಸಿದಳು. ತಲುಪುವ ಹೊತ್ತಿಗೆ ಊಟದ ತಟ್ಟೆಗಳೆಲ್ಲ ಸಿಂಕು ಸೇರಿದ್ದವು. ಸೆಡ್ರಿಕ್ ಗೇಟಿನಲ್ಲೇ ಕಾದಿದ್ದರು.

"ಎಂತ ಲೆಸ್ಲಿ, ದಾರಿ ತಪ್ಪಿತಾ?"

ಲೆಸ್ಲಿ ಅಂಕಲ್ ಕಿವಿ ಕೆಂಪಾದದ್ದನ್ನು ಕಂಡು ಕೃಪಾಗೆ ಅದೆಲ್ಲಿಂದ ಧೈರ್ಯ ಬಂತೋ!

"ಇಲ್ಲ ಅಂಕಲ್, ಇವರು ಕರೆಕ್ಟಾಗೇ ದಾರಿ ಹೇಳಿದ್ರು. ನಿಮಗೆ ಕೇಕ್ ತಗೊಳಕ್ಕೆ ನಿಂತ್ವಿ, ಅದಕ್ಕೇ ಲೇಟು."

"ಹೌದಾ? ಕೇಕ್ ಎಲ್ಲಿ?"

ಬಂದ ಧೈರ್ಯ ಅಷ್ಟಕ್ಕೇ ಖಾಲಿಯಾಯಿತು. ಆದರೆ ಲೆಸ್ಲಿ ಅಂಕಲ್ ಕೋಟು ಸರಿಮಾಡಿಕೊಂಡು ಸೆಡ್ರಿಕ್‌ರನ್ನು ದಾಟಿ ಒಳಗೆ ನಡೆದೇಬಿಟ್ಟರು.

"ದಾರಿಯಲ್ಲಿ ಟಾರ್ಗೆಟ್ ಸಿಕ್ಕಿತು ಮಾರಾಯ, ಕೇಕನ್ನು ಅಲ್ಲಿಯೇ ಹಾಕಿ ಬಂದೆವು. ಬಾ ಕೃಪಾ, ಊಟ ಏನಾದರೂ ಉಳಿದುಂಟಾ ನೋಡುವ."