ಸಿಗ್ನಲ್ ಸಾಹೇಬ

ಅಕ್ಕ ಹಲ್ಲಿನಿಂದ ದಾರ ಕಡಿದು, ತಮ್ಮನ ಅಂಗಿಗೆ ಹೊಲಿದ ಗುಂಡಿಯನ್ನು ಎಳೆದು ನೋಡಿದಳು. ಗಟ್ಟಿಯಾಗಿತ್ತು. ನಲವತ್ತು ವರ್ಷ ಊರವರ ಬಟ್ಟೆ ಹೊಲಿದ ಕೈ ಇವತ್ತು ಸೂಜಿಗೆ ದಾರ ಪೋಣಿಸಲು ಮೂರು ಸಲ ಸೋತಿತ್ತು.

"ಅತ್ತಿಗೆ, ಗಾಡಿ ಬಂತು," ಎಂದಳು ತಮ್ಮನ ಹೆಂಡತಿ. "ಒಂಬತ್ತು ಗಂಟೆ ದಾಟಿದ್ರೆ ಹೆದ್ದಾರಿ ದಾಟೋಕೆ ಆಗಲ್ಲವಂತೆ. ಬೇಗ ಕೊಡಿ, ತೊಡಿಸ್ಬೇಕು."

ಒಂಬತ್ತು ದಾಟಿಯೇಬಿಟ್ಟಿತು. ಹೊಲಗಳ ನಡುವಿನ ಹೆದ್ದಾರಿಗೆ ಊರ ರಸ್ತೆ ಸೇರುವ ಕಡೆ ಶವವಾಹನ ನಿಂತಿತು. ಮುಂದೆ ಲಾರಿಗಳು, ಒಂದು ಹಾಲಿನ ಟ್ಯಾಂಕರ್, ಗೊಬ್ಬರ ತುಂಬಿದ ಟ್ರಾಕ್ಟರ್. ಹಸಿರು ಬಂತು, ಮೂರು ಗಾಡಿ ದಾಟಿದವು, ಕೆಂಪಾಯಿತು. ಮತ್ತೆ ಹಸಿರು, ಮತ್ತೆ ಮೂರೇ.

ಚಾಲಕ ಊರಿಗೆ ಹೊಸಬ. ಸ್ಟಿಯರಿಂಗ್ ಕುಟ್ಟಿ, "ಹೊಲದ ಮಧ್ಯೆ ಸಿಗ್ನಲ್! ಯಾವ ಪುಣ್ಯಾತ್ಮ ಹಾಕ್ಸಿದ್ನೋ! ಒಂದು ಸರ್ಕಲ್ ಕಟ್ಟಿದ್ರೆ ಎಲ್ಲಾ ಸುತ್ತಿಕೊಂಡು ಹೋಗ್ತಿರ್ಲಿಲ್ವಾ?" ಎಂದ.

ತಮ್ಮನ ಹೆಂಡತಿ ಕಿಟಕಿಯಾಚೆ ನೋಡುತ್ತಲೇ ಹೇಳಿದಳು, "ಹಿಂದೆ ಮಲಗಿದಾರಲ್ಲ, ಅವರೇ."

ಚಾಲಕ ನಾಲಗೆ ಕಚ್ಚಿಕೊಂಡ. ಆಮೇಲೆ ಹಾರ್ನ್ ಕೂಡ ಒತ್ತಲಿಲ್ಲ.

ಅಕ್ಕ ತಲೆ ತಗ್ಗಿಸಿ ಕೂತಿದ್ದಳು. ಎಡಕ್ಕೆ, ಸಿಗ್ನಲ್ ಕಂಬದಿಂದ ಹತ್ತೇ ಹೆಜ್ಜೆಗೆ, ಅವಳ ಮನೆಯಿತ್ತು.

* * *

ಹನ್ನೆರಡು ವರ್ಷದ ಹಿಂದೆ, ಆ ಮನೆಯಲ್ಲಿ ಅವಳು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ತಮ್ಮ ನಕ್ಷೆ ಹರಡಿದ್ದ. ಅವನು ರಸ್ತೆ ಇಲಾಖೆಯ ನಕ್ಷೆಗಾರ. ನಾಲ್ಕು ದಿನ ಬಿಸಿಲಲ್ಲಿ ನಿಂತು ಗಾಡಿ ಎಣಿಸಿ ಮುಖವೆಲ್ಲ ಕಪ್ಪಿಟ್ಟಿತ್ತು.

"ಸರ್ಕಲ್ಲೇ ಸರಿ ಅಕ್ಕ. ಸುತ್ತಬೇಕು ಅಂದ್ರೆ ಎಂಥವನೂ ನಿಧಾನ ಮಾಡ್ತಾನೆ. ಸಿಗ್ನಲ್ ಹಾಕಿದ್ರೆ ಹಳದಿ ಕಂಡ ತಕ್ಷಣ ಲಾರಿಯೋರು ಇನ್ನೂ ಜೋರಾಗಿ ನುಗ್ತಾರೆ."

ಬೆರಳಿಟ್ಟು ತೋರಿಸಿದ. ಗುಂಡಗಿನ ಗೆರೆ ಅವಳ ಅಡುಗೆಮನೆಯ ನಡುವೆ ಹಾದುಹೋಗಿತ್ತು.

"ಪರಿಹಾರ ಕೊಡ್ತಾರೆ," ಎಂದ, ಅವಳ ಮುಖ ನೋಡದೆ.

"ಅಪ್ಪ ಹೋದಾಗ ನಿನಗೆ ಒಂಬತ್ತು ವರ್ಷ. ಇದೇ ಗೋಡೆ ಮಗ್ಗುಲಲ್ಲಿ ಮಿಷನ್ ತುಳಿದು ನಿನ್ನನ್ನ ಓದಿಸಿದೆ. ಮದುವೆ ಬೇಡ ಅಂದೆ. ನನಗೆ ಅಂತ ಉಳಿದಿರೋದು ಈ ಗೋಡೆ ಒಂದೇ ಕಣೋ." ಅವಳು ಅಳಲಿಲ್ಲ, ಅತ್ತಿದ್ದರೆ ಅವನು ವಾದಿಸುತ್ತಿದ್ದನೇನೋ. "ನೀನು ಬರೆದಿದ್ದಕ್ಕೆ ಮೇಲಿನೋರು ಕಣ್ಣು ಮುಚ್ಚಿ ಸಹಿ ಹಾಕ್ತಾರಲ್ಲ. ಬೇರೆ ಬರಿ."

ಅವನು ನಕ್ಷೆ ಸುತ್ತಿಕೊಂಡು ಹೋದ. ಆರು ತಿಂಗಳಲ್ಲಿ ಸಿಗ್ನಲ್ ಕಂಬಗಳು ಎದ್ದವು.

ಮೂರನೆಯ ವರ್ಷ ಊರ ಬೇಕರಿಯವನ ಮಗಳು ಸೈಕಲ್ಲಿನಲ್ಲಿ, ತನ್ನ ಕಡೆಯ ಹಸಿರು ನೋಡಿಕೊಂಡೇ ದಾಟುತ್ತಿದ್ದಳು. ಹಳದಿಯಲ್ಲಿ ನುಗ್ಗಿದ ಲಾರಿಗೆ ನಿಲ್ಲಲಾಗಲಿಲ್ಲ. ಹತ್ತೊಂಬತ್ತು ವರ್ಷ. ಸದ್ದು ಕೇಳಿ ಮೊದಲು ಓಡಿದವಳು ಅಕ್ಕನೇ. ಹೊಲಿಯುತ್ತಿದ್ದ ಬಟ್ಟೆಯನ್ನೇ ಹೊದಿಸಿದ್ದಳು.

ಬೇಕರಿಯವನು ಕಚೇರಿಯೆದುರು ತಮ್ಮನ ಕಾಲರ್ ಹಿಡಿದ. "ಎಷ್ಟು ಜನ ಹೇಳಿದ್ರು ಸರ್ಕಲ್ ಮಾಡಿ ಅಂತ! ಯಾಕೆ ಮಾಡ್ಲಿಲ್ಲ? ಹೇಳು!" ತಮ್ಮ ತುಟಿ ಬಿಚ್ಚಲಿಲ್ಲ. ಅಂದಿನಿಂದ ಊರು ಅವನನ್ನು ಸಿಗ್ನಲ್ ಸಾಹೇಬ ಎಂದು ಕರೆಯಿತು. ಅಕ್ಕನ ಮನೆಗೆ ಅವನು ಬರುವುದು ಬಿಡಲಿಲ್ಲ. ಆ ಮಾತು ಮಾತ್ರ ಎತ್ತಲಿಲ್ಲ.

* * *

ಸ್ಮಶಾನದಲ್ಲಿ ಇದ್ದವರು ಹದಿನೈದು ಜನ. ಕೊನೆಗೆ ಬಂದವನು ಬೇಕರಿಯವನು. ಅವನ ತಲೆ ಪೂರ್ತಿ ನೆರೆತಿತ್ತು. ಮಣ್ಣು ಹಾಕುವವರ ಸಾಲು ಕರಗುವ ತನಕ ದೂರ ನಿಂತಿದ್ದು, ಆಮೇಲೆ ಗುಂಡಿಯ ಹತ್ತಿರ ಬಂದು ಒಂದು ಹಿಡಿ ಮಣ್ಣು ತೆಗೆದುಕೊಂಡ.

"ಸತ್ತೋರ ಮೇಲೆ ಎಂಥ ಸಿಟ್ಟು ಟೈಲರಕ್ಕ," ಎಂದ ತಗ್ಗಿದ ದನಿಯಲ್ಲಿ. "ಅದಕ್ಕೇ ಬಂದೆ. ಯಾಕೆ ಹಾಗೆ ಮಾಡಿದ್ರು ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತು ನನಗೆ."

ಅಕ್ಕ ಹೇಳದೆ ಇದ್ದುಬಿಡಬಹುದಿತ್ತು. ಹೇಳಬಲ್ಲ ಇನ್ನೊಬ್ಬ ಗುಂಡಿಯಲ್ಲಿದ್ದ.

"ಅವನು ಬರೆದಿದ್ದು ಸರ್ಕಲ್ಲೇ," ಎಂದಳು ಅಕ್ಕ. "ಅದು ನನ್ನ ಮನೆ ಮೇಲೆ ಬರ್ತಿತ್ತು. ಬೇಡ ಅಂತ ಬೇರೆ ಬರೆಸಿದೋಳು ನಾನು."

ಬೇಕರಿಯವನು ಅವಳನ್ನು ನೋಡಿದ. ಬೈಯುತ್ತಾನೆ ಎಂದು ಅವಳು ಕಾದಳು. ಬೈದರೆ ಸಾಕು ಎನಿಸಿತ್ತು.

"ಅವತ್ತು ನನ್ನ ಮಗಳಿಗೆ ಬಟ್ಟೆ ಹೊದಿಸಿದ್ದು ನೀವೇ ಅಲ್ವಾ?" ಎಂದಷ್ಟೇ ಕೇಳಿದ.

ಅವಳು ತಲೆಯಾಡಿಸಿದಳು.

ಅವನು ಹಿಡಿಯಲ್ಲಿದ್ದ ಮಣ್ಣನ್ನು ಗುಂಡಿಗೆ ಹಾಕಲಿಲ್ಲ. ಅವಳ ಕೈ ಹಿಡಿದು, ಅಂಗೈ ಬಿಡಿಸಿ, ಅದರಲ್ಲಿ ಸುರಿದು, ಹಿಂತಿರುಗಿ ನೋಡದೆ ಗೇಟಿನತ್ತ ನಡೆದ.

ಗುಂಡಿ ಮುಚ್ಚುವವನು ಗುದ್ದಲಿ ಊರಿಕೊಂಡು ಕಾಯುತ್ತಿದ್ದ. ಅಕ್ಕನ ಮುಷ್ಟಿ ಬಿಚ್ಚಲಿಲ್ಲ. ಬೆರಳ ಸಂದಿಯಿಂದ ಮಣ್ಣು ಸಣ್ಣಗೆ ಅವಳ ಸೀರೆಯ ಅಂಚಿನ ಮೇಲೆ ಉದುರುತ್ತಿತ್ತು.